ಹುಳುವಿನ ಹೊಟ್ಟೆಯೂ ಸೊಪ್ಪಿನ ಬುಟ್ಟಿಯೂ

ರೇಷ್ಮೆ ಬೆಳೆಯುವ ಮನೆಗಳಲ್ಲಿ ನಾಲ್ಕನೆಯ ಜ್ವರ ಎದ್ದ ಮೇಲಿನ ಆರೇಳು ದಿನಗಳಷ್ಟು ಆತಂಕದ ದಿನಗಳು ಬೇರೆ ಇಲ್ಲ. ಗೊಬ್ಬರಕ್ಕೆ ಮಾಡಿದ ಸಾಲ, ಆಳಿನ ಕೂಲಿ, ಚಾಕಿ ಹುಳುವಿಗೆ ಕೊಟ್ಟ ಹಣ ಎಲ್ಲವೂ ಆಗ ತಟ್ಟೆಗಳ ಮೇಲೆ ಹರಿದಾಡುತ್ತಿರುತ್ತವೆ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ತಿನ್ನುವುದು ಈ ಕೊನೆಯ ಹಂತದಲ್ಲಿಯೇ. ನೂರು ಮೊಟ್ಟೆಯ ಹುಳು ಸಾಕುವವರು ಬೆಳೆ ಮುಗಿಯುವುದರೊಳಗೆ ಒಂದು ಟನ್ನಿನ ಆಸುಪಾಸು ಸೊಪ್ಪನ್ನು ಹೊತ್ತು ತಂದು ಹಾಕಬೇಕು. ಇಷ್ಟೆಲ್ಲ ಆದ ಮೇಲೆ ಒಂದು ಬೆಳಗ್ಗೆ ಹುಳುಗಳು ಸೊಪ್ಪಿಗೆ ಬಾಯಿ ಹಾಕದೆ ಸುಮ್ಮನೆ ಬಿದ್ದಿರುತ್ತವೆ. ಮುಟ್ಟಿದರೆ ಮೈ ಮೆತ್ತಗೆ. ಕೆಲವು ಬಾಯಿಂದ ನೀರು ಕಾರುತ್ತವೆ. ಹಿಕ್ಕೆ ಗಟ್ಟಿಯಾಗಿರದೆ ಒಂದಕ್ಕೊಂದು ಅಂಟಿಕೊಂಡು ಸರದಂತೆ ಬರುತ್ತದೆ. ಮರುದಿನ ಸತ್ತ ಹುಳುಗಳು ಕಪ್ಪಾಗಿ ಕೊಳೆತು ಮನೆಯೆಲ್ಲ ನಾರುತ್ತದೆ. ಇದೇ ಸಪ್ಪೆ ರೋಗ.

ಸಪ್ಪೆ ಬಂದ ಮನೆಯಲ್ಲಿ ಮೊದಲು ಬೈಗುಳ ತಿನ್ನುವುದು ಮೊಟ್ಟೆ ಕೊಟ್ಟವರು. ಆಮೇಲೆ ದೃಷ್ಟಿ ಹಾಕಿದ ನೆರೆಯವರು. ಕೊನೆಗೆ ಪೇಟೆಯ ಅಂಗಡಿಯಲ್ಲಿ ಯಾವುದೋ ಒಂದು ಬಾಟಲಿ ಅಥವಾ ಮಾತ್ರೆ ಸಿಕ್ಕುತ್ತದೆ. ಅದನ್ನು ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಚಿಮುಕಿಸುತ್ತಾರೆ. ಈಚೆಗೆ ಈ ಬಾಟಲಿಗಳಲ್ಲಿ ಎರಡು ಬಗೆ. ಒಂದು, ಹುಳುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆಂದು ಹೇಳುವ ಆಂಟಿಬಯೋಟಿಕ್ ಔಷಧಿ. ಇನ್ನೊಂದು, ಹೊಟ್ಟೆಗೆ ಒಳ್ಳೆಯ ಸೂಕ್ಷ್ಮಾಣುಗಳನ್ನು ಸೇರಿಸುತ್ತದೆಂದು ಹೇಳುವ ಪ್ರೊಬಯೋಟಿಕ್. ಒಂದು ಕೊಲ್ಲುವುದು, ಇನ್ನೊಂದು ತುಂಬುವುದು. ಎರಡೂ ಒಂದೇ ರೋಗಕ್ಕೆ ಮದ್ದು ಹೇಗಾದೀತು ಎಂದು ಕೇಳುವ ಹಕ್ಕು ಹಣ ಕೊಡುವ ರೈತನಿಗೆ ಇದೆ. ಅದನ್ನು ಕೇಳಬೇಕಾದರೆ ಹುಳುವಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ತಿಳಿದಿರಬೇಕು.

ರೇಷ್ಮೆ ಹುಳುವೆಂದರೆ ಮುಕ್ಕಾಲು ಪಾಲು ಹೊಟ್ಟೆಯೇ. ಬಾಯಿಂದ ಬಾಲದವರೆಗೆ ನೇರವಾಗಿ ಹೋಗುವ ಒಂದು ಕೊಳವೆ. ಹಸುವಿಗಿರುವಂತೆ ನಾಲ್ಕು ಚೀಲಗಳಿಲ್ಲ, ಮೆಲುಕು ಹಾಕುವ ಪದ್ಧತಿಯಿಲ್ಲ. ತಿಂದ ಸೊಪ್ಪು ಕೆಲವೇ ಗಂಟೆಗಳಲ್ಲಿ ಹಿಕ್ಕೆಯಾಗಿ ಹೊರಬೀಳುತ್ತದೆ. ಇಷ್ಟರೊಳಗೆ ಹುಳು ತನಗೆ ಬೇಕಾದ ಸಾರವನ್ನು ಹೀರಿಕೊಳ್ಳುತ್ತದೆ. ಮೊಟ್ಟೆಯಿಂದ ಬಂದಾಗ ಇದ್ದ ತೂಕದ ಸುಮಾರು ಹತ್ತು ಸಾವಿರ ಪಟ್ಟು ತೂಕವನ್ನು ನಾಲ್ಕು ವಾರಗಳೊಳಗೆ ಗಳಿಸುವ ಪ್ರಾಣಿಗೆ ಅಷ್ಟು ಅವಸರ ಇರಬೇಕಾದ್ದೇ. ನಮ್ಮ ಹೊಟ್ಟೆಯಲ್ಲಿ ಆಮ್ಲವಿದ್ದರೆ ಹುಳುವಿನ ನಡುಗರುಳಿನಲ್ಲಿ ಅದಕ್ಕೆ ತದ್ವಿರುದ್ಧವಾಗಿ ಕ್ಷಾರವಿದೆ. ಸೋಪಿನ ನೀರಿನಲ್ಲಿರುವಷ್ಟು ಕ್ಷಾರ ಎಂದರೂ ತಪ್ಪಾಗದು. ಸೊಪ್ಪಿನ ಜೊತೆಯಲ್ಲಿ ಒಳಕ್ಕೆ ಬರುವ ಸೂಕ್ಷ್ಮಾಣುಗಳಲ್ಲಿ ಬಹುಪಾಲು ಈ ಕ್ಷಾರದಲ್ಲಿ ಬದುಕಲಾರವು. ಬದುಕಿದವುಗಳನ್ನು ಅಡಗಿಸಲು ಜೀರ್ಣರಸದಲ್ಲಿಯೇ ಬೇರೆ ವಸ್ತುಗಳೂ ಇವೆ. ಇದಲ್ಲದೆ ಕರುಳಿನ ಗೋಡೆಗೂ ಅರೆದ ಸೊಪ್ಪಿಗೂ ನಡುವೆ ತೆಳ್ಳನೆಯ ಒಂದು ಪೊರೆ ಇದ್ದು, ಗೋಡೆಯನ್ನು ಸೂಕ್ಷ್ಮಾಣುಗಳು ನೇರವಾಗಿ ಮುಟ್ಟದಂತೆ ತಡೆಯುತ್ತದೆ.

ಅಂದಮೇಲೆ ಆರೋಗ್ಯವಾಗಿರುವ ಹುಳುವಿನ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳೇ ಇಲ್ಲವೆಂದು ತಿಳಿಯಬಾರದು. ಇವೆ. ಎಂಟರೋಕಾಕಸ್ ಎಂಬ ಗುಂಡನೆಯ ಜಾತಿಯವು ಕ್ಷಾರವನ್ನು ತಡೆದುಕೊಂಡು ಸದಾ ಅಲ್ಲಿರುತ್ತವೆ. ಸೊಪ್ಪು, ಧೂಳು, ಹಾಸಿಗೆ, ನಮ್ಮ ಕೈಗಳ ಮೂಲಕ ಬೇರೆಯವೂ ಹೋಗುತ್ತಿರುತ್ತವೆ. ಹುಳು ಗಟ್ಟಿಯಾಗಿರುವ ತನಕ ಅವು ಬಂದ ಹಾಗೆಯೇ ಹಿಕ್ಕೆಯ ಜೊತೆ ಹೋಗುತ್ತವೆ. ಹುಳು ಸೋತಾಗ ಅವೇ ಯಜಮಾನರಾಗುತ್ತವೆ. ಸಪ್ಪೆ ರೋಗದ ತಿರುಳು ಇಷ್ಟೇ ಎಂದು ಹೇಳಬಹುದಾದರೂ, ಇದನ್ನು ಕಂಡುಹಿಡಿಯಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಆ ಕಥೆ ನಮ್ಮ ರೈತರಿಗೆ ಸಂಬಂಧಿಸಿದ್ದೇ.

ಫ್ರಾನ್ಸ್ ದೇಶದ ದಕ್ಷಿಣ ಭಾಗ ಒಂದು ಕಾಲಕ್ಕೆ ರೇಷ್ಮೆಯ ನಾಡಾಗಿತ್ತು. 1853ರಲ್ಲಿ ಅಲ್ಲಿ ಸುಮಾರು 2 ಕೋಟಿ 60 ಲಕ್ಷ ಕಿಲೋ ಗೂಡು ಬೆಳೆದಿತ್ತು. 1865ರ ಹೊತ್ತಿಗೆ ಅದು 40 ಲಕ್ಷ ಕಿಲೋಗೆ ಇಳಿಯಿತು. ಹುಳುಗಳು ಮನೆಮನೆಯಲ್ಲೂ ಸತ್ತವು. ಬೆಳೆಗಾರರು ಹಿಪ್ಪುನೇರಳೆ ತೋಟಗಳನ್ನು ಕಿತ್ತುಹಾಕತೊಡಗಿದರು. ಕೊನೆಗೆ ಸರ್ಕಾರದವರು ಲೂಯಿ ಪಾಶ್ಚರನನ್ನು ಕಳಿಸಿದರು. ದ್ರಾಕ್ಷಾರಸ ಹೇಗೆ ಹುಳಿಯುತ್ತದೆಂಬುದನ್ನು ಬಿಡಿಸಿ ಹೇಳಿ ಆತ ಹೆಸರಾಗಿದ್ದನೇ ಹೊರತು ರೇಷ್ಮೆಯ ಗಂಧವೇ ಆತನಿಗೆ ಇರಲಿಲ್ಲ. ಕೀಟಗಳ ಜೀವನವನ್ನು ಬರೆದು ಪ್ರಸಿದ್ಧನಾದ ಫಾಬ್ರನ ಮನೆಗೆ ಹೋಗಿದ್ದಾಗ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲಾ ಎಂದು ಬೆರಗಾದನಂತೆ. ನಮ್ಮ ಶಿಡ್ಲಘಟ್ಟದ ಚಿಕ್ಕ ಹುಡುಗನೂ ಇದಕ್ಕೆ ನಕ್ಕಾನು. ಆದರೆ ಆ ಮನುಷ್ಯ ಅಲೆಸ್ ಎಂಬ ಊರಿನಲ್ಲಿ ಐದು ವರ್ಷ ಹುಳುಗಳ ನಡುವೆ ಕೂತ. ಆ ಅವಧಿಯಲ್ಲಿ ತಂದೆ ಹೋದರು, ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು, 1868ರಲ್ಲಿ ಆತನಿಗೇ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ಪಾಶ್ಚರ್ ಮೊದಲು ಬಿಡಿಸಿದ್ದು ಗಂಟು ರೋಗದ ಸಮಸ್ಯೆಯನ್ನು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿದು ಬರುವ ರೋಗ. ಪ್ರತಿ ಚಿಟ್ಟೆಯೂ ಬೇರೆ ಬೇರೆಯಾಗಿ ಮೊಟ್ಟೆ ಇಡುವಂತೆ ಮಾಡಿ, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಮೊಟ್ಟೆಗಳನ್ನು ಸುಟ್ಟುಬಿಡಬೇಕೆಂದು ಆತ ತೋರಿಸಿಕೊಟ್ಟ. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ವದ ಮೇಲೆ. ರೋಗರಹಿತ ಮೊಟ್ಟೆ ಎಂಬ ಮಾತಿನ ಅರ್ಥವೂ ಇದೇ. ಅಂದರೆ ಗಂಟು ರೋಗವಿಲ್ಲದ ಮೊಟ್ಟೆ.

ಆದರೆ ಗಂಟು ರೋಗವಿಲ್ಲದ ಮೊಟ್ಟೆಯಿಂದ ಬಂದ ಹುಳುಗಳೂ ಕೆಲವು ಮನೆಗಳಲ್ಲಿ ಸತ್ತವು. ಬೆಳೆಗಾರರು ಪಾಶ್ಚರನನ್ನು ಗೇಲಿ ಮಾಡಿದರು. ಆತ ಸತ್ತ ಹುಳುಗಳ ಕರುಳನ್ನು ಬಿಡಿಸಿ ನೋಡಿದಾಗ ಅಲ್ಲಿ ಗಂಟು ರೋಗದ ಕಣಗಳಿರಲಿಲ್ಲ. ಬದಲಿಗೆ ಅರೆಬರೆ ಅರೆದ ಸೊಪ್ಪು ಹುಳಿತುಹೋಗಿ, ಅದರ ತುಂಬ ಮಣಿಸರದಂತೆ ಕೋದುಕೊಂಡ ಸೂಕ್ಷ್ಮಾಣುಗಳು ಇದ್ದವು. ಸೊಪ್ಪನ್ನು ಜಜ್ಜಿ ಒಂದು ಕಡೆ ಇಟ್ಟು ಹುಳಿಯಲು ಬಿಟ್ಟರೆ ಅದರಲ್ಲಿ ಹುಟ್ಟುವ ಜೀವಿಗಳಂಥವೇ ಅವು. ಹೀಗೆ ಎರಡು ರೋಗಗಳು ಬೇರೆ ಬೇರೆ ಎಂದು ಗೊತ್ತಾಯಿತು. ಒದ್ದೆ ಸೊಪ್ಪು, ರಾಶಿ ಹಾಕಿ ಬಿಸಿಯೇರಿದ ಸೊಪ್ಪು, ಗಾಳಿಯಾಡದ ಮನೆ, ಕಿಕ್ಕಿರಿದ ತಟ್ಟೆ, ಇವೆಲ್ಲ ಎರಡನೆಯ ರೋಗಕ್ಕೆ ದಾರಿಯಾಗುತ್ತವೆಂದು ಆತ 1870ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ. ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳ ವಿಚಾರವಾಗಿ ಇಂದು ಲೋಕದಲ್ಲಿ ಎಷ್ಟು ಗದ್ದಲವಿದೆಯೋ ಅದರ ಒಂದು ಬೇರು ಹೀಗೆ ಹುಳು ಮನೆಯಲ್ಲಿಯೇ ಇದೆ.

ಪಾಶ್ಚರನ ನಂತರದ ವಿಜ್ಞಾನಿಗಳು ಇನ್ನೂ ಕೆಲವು ಎಳೆಗಳನ್ನು ಬಿಡಿಸಿದ್ದಾರೆ. ಸಪ್ಪೆ ಎಂಬುದು ಒಂದು ರೋಗವಲ್ಲ, ಒಂದೇ ಹೆಸರಿನ ಕೆಳಗೆ ಬರುವ ಹಲವು ರೋಗಗಳು. ಕೆಲವು ಕಡೆ ಮೊದಲು ಕರುಳಿನ ಗೋಡೆಯನ್ನು ಹಾಳುಮಾಡುವುದು ವೈರಸ್. ಬಾಗಿಲು ಮುರಿದ ಮೇಲೆ ಸೂಕ್ಷ್ಮಾಣುಗಳು ನುಗ್ಗುತ್ತವೆ. ಕೆಲವು ಕಡೆ ವೈರಸ್ಸೇ ಇಲ್ಲದೆ, ಬಿಸಿಲಿನ ಝಳಕ್ಕೋ ಹಸಿವಿಗೋ ಕೆಟ್ಟ ಸೊಪ್ಪಿಗೋ ಹುಳು ಕುಗ್ಗಿ, ಕರುಳಿನ ಕ್ಷಾರ ಇಳಿದು, ಸದಾ ಅಲ್ಲಿದ್ದ ಜೀವಿಗಳೇ ಮಿತಿಮೀರಿ ಬೆಳೆಯುತ್ತವೆ. ಇನ್ನು ಊಜಿ ನೊಣದ ಗಾಯದಿಂದಲೋ, ಹುಳುಗಳು ಒಂದರ ಕಾಲ ಉಗುರು ಇನ್ನೊಂದಕ್ಕೆ ತಾಗಿ ಆದ ಗೀರಿನಿಂದಲೋ ಸೂಕ್ಷ್ಮಾಣುಗಳು ನೇರವಾಗಿ ರಕ್ತಕ್ಕೆ ಇಳಿದರೆ ಸಾವು ಇನ್ನೂ ಬೇಗ; ಅದರಲ್ಲಿ ಸೆರಾಟಿಯಾ ಎಂಬ ಜಾತಿಯದಾದರೆ ಸತ್ತ ಹುಳು ಕೆಂಪಾಗುತ್ತದೆ. ಕಣ್ಣಿಗೆ ಎಲ್ಲವೂ ಒಂದೇ ಸಪ್ಪೆ. ಒಂದೇ ಬಾಟಲಿ ಎಲ್ಲಕ್ಕೂ ಸಾಲದೆಂಬುದು ಇಷ್ಟರಿಂದಲೇ ಸ್ಪಷ್ಟ.

ಹಾಗಾದರೆ ಹೊಟ್ಟೆಯ ಸೂಕ್ಷ್ಮಾಣುಗಳು ಕೇವಲ ಶತ್ರುಗಳೇ? ಬೇರೆ ಸಣ್ಣ ಪ್ರಾಣಿಗಳನ್ನು ನೋಡಿದರೆ ಹಾಗೆನ್ನಲಾಗದು. ಮರ ತಿನ್ನುವ ಕೆಲವು ಗೆದ್ದಲುಗಳ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಏಕಕೋಶ ಜೀವಿಗಳಿವೆ. 1920ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಎಂಬ ವಿಜ್ಞಾನಿ ಅಂಥ ಗೆದ್ದಲುಗಳನ್ನು 36 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ದಿನ ಇಟ್ಟು ಒಳಗಿನ ಜೀವಿಗಳು ಮಾತ್ರ ಸಾಯುವಂತೆ ಮಾಡಿದ. ಗೆದ್ದಲು ಬದುಕಿತ್ತು, ಮರವನ್ನು ಎಂದಿನಂತೆ ತಿಂದಿತು; ಆದರೆ ಅರಗಿಸಲಾರದೆ ಹೊಟ್ಟೆ ತುಂಬಿದ್ದೂ ಹಸಿವಿನಿಂದಲೇ ಕೆಲವು ವಾರಗಳಲ್ಲಿ ಸತ್ತಿತು. ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವ ಗೆದ್ದಲಿನ ರೀತಿ ಬೇರೆ. ಅದು ಹುತ್ತದೊಳಗೆ ಅಣಬೆಯ ತೋಟ ಮಾಡಿ, ತಂದ ಕಸಕಡ್ಡಿಯನ್ನು ಅದರಿಂದ ಅರಗಿಸಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ ಅಣಬೆ, ನಾವು ಸಾರು ಮಾಡಿ ತಿನ್ನುವುದು, ಆ ತೋಟದ್ದೇ ಬೆಳೆ.

ಜೇನುನೊಣದ ವಿಚಾರ ಇನ್ನೂ ಹತ್ತಿರದ್ದು. ಜೇನಿನ ಕರುಳಿನಲ್ಲಿ ಎಂಟೊಂಬತ್ತು ಜಾತಿಯ ಸೂಕ್ಷ್ಮಾಣುಗಳು ಒಂದು ಕುಟುಂಬದಂತೆ ನೆಲೆಸಿವೆ. ನೊಣ ಕೋಶದಿಂದ ಹೊರಬಂದ ಮೊದಲ ಕೆಲವು ದಿನಗಳಲ್ಲಿ ಗೂಡಿನ ಹಿರಿಯ ನೊಣಗಳಿಂದ ಇವನ್ನು ಪಡೆಯುತ್ತದೆ, ಮಗು ಮನೆಯವರಿಂದ ಮಾತು ಕಲಿತಂತೆ. ಪರಾಗದ ಗಟ್ಟಿ ಭಾಗವನ್ನು ಅರಗಿಸಲು, ರೋಗ ತಡೆಯಲು ಇವು ನೆರವಾಗುತ್ತವೆ. 2017ರಲ್ಲಿ ಅಮೆರಿಕದ ಟೆಕ್ಸಾಸಿನ ಸಂಶೋಧಕರು ನೊಣಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟು ನೋಡಿದರು. ಹೊಟ್ಟೆಯ ಸೂಕ್ಷ್ಮಾಣುಗಳು ಇಳಿದವು. ಗೂಡಿಗೆ ಮರಳಿ ಬಿಟ್ಟ ಆ ನೊಣಗಳು ಉಳಿದವುಗಳಿಗಿಂತ ಬೇಗ ಸತ್ತವು. ಮರುವರ್ಷ ಅದೇ ತಂಡದವರು ಕಳೆನಾಶಕವಾದ ಗ್ಲೈಫೋಸೇಟ್ ಕೂಡ ನೊಣದ ಹೊಟ್ಟೆಯ ಈ ಜೀವಿಗಳನ್ನು ಕುಗ್ಗಿಸುತ್ತದೆಂದು ವರದಿ ಮಾಡಿದರು. ಬದುವಿನ ಕಳೆಗೆ ಹೊಡೆಯುವ ಮದ್ದು ತುಡುವೆ ಪೆಟ್ಟಿಗೆ ಇಟ್ಟವರ ಕಿವಿಯನ್ನು ನಿಮಿರಿಸಬೇಕಾದ ಸಂಗತಿಯಿದು. ನೊಣಕ್ಕೆ ನೇರವಾಗಿ ವಿಷವಲ್ಲವೆಂದ ಮಾತ್ರಕ್ಕೆ ಅದರ ಹೊಟ್ಟೆಗೂ ಒಳ್ಳೆಯದೆಂದು ಹೇಳುವಂತಿಲ್ಲ.

ಸಮುದ್ರದಲ್ಲಿ ಸೌತೆಕಾಯಿಯ ಆಕಾರದ ಒಂದು ಪ್ರಾಣಿಯಿದೆ, ಸಮುದ್ರ ಸೌತೆ. ತಳದ ಮರಳು ಕೆಸರನ್ನು ನುಂಗಿ ಅದರಲ್ಲಿರುವ ಸಾರವನ್ನು ಹೀರಿಕೊಂಡು ಉಳಿದದ್ದನ್ನು ಹೊರಹಾಕುವುದೇ ಅದರ ಕಸುಬು. ಕಡಲಿನ ಎರೆಹುಳು ಎನ್ನಬಹುದು. ಶತ್ರು ಹಿಡಿದರೆ ತನ್ನ ಕರುಳನ್ನೇ ಉಗಿದುಬಿಡುತ್ತದೆ; ಕೆಲವು ವಾರಗಳಲ್ಲಿ ಹೊಸ ಕರುಳು ಬೆಳೆಯುತ್ತದೆ. ಹೊಸ ಕರುಳಿನಲ್ಲಿ ಸೂಕ್ಷ್ಮಾಣುಗಳು ಹೊಸದಾಗಿ ಸಂಸಾರ ಹೂಡಬೇಕು. ಚೀನಾದಲ್ಲಿ ಇದನ್ನು ಕೊಳಗಳಲ್ಲಿ ಸಾಕುತ್ತಾರೆ. ಮೇವಿಗೆ ಬ್ಯಾಸಿಲಸ್ ಜಾತಿಯ ಸೂಕ್ಷ್ಮಾಣುಗಳನ್ನು ಬೆರೆಸಿ ಕೊಟ್ಟು ಬೆಳವಣಿಗೆ ನೋಡುವ ಪ್ರಯೋಗಗಳು ಅಲ್ಲಿ ನಡೆದಿವೆ. ನಮ್ಮ ದೇಶದಲ್ಲಿ ಇದನ್ನು ಹಿಡಿಯುವುದು 2001ರಿಂದ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ.

ಇವೆಲ್ಲ ಕೇಳಿದ ಮೇಲೆ, ಗೆದ್ದಲಿಗೆ ಬೇಕು, ಜೇನಿಗೆ ಬೇಕು, ಸಮುದ್ರ ಸೌತೆಗೂ ಕೊಡುತ್ತಾರೆ, ಹಾಗಿದ್ದರೆ ರೇಷ್ಮೆ ಹುಳುವಿಗೂ ಒಳ್ಳೆಯ ಸೂಕ್ಷ್ಮಾಣು ಕೊಡೋಣ ಎನ್ನಿಸುವುದು ಸಹಜ. ಬಾಟಲಿ ಮಾರುವವರು ಹೇಳುವುದೂ ಇದನ್ನೇ. ಇಲ್ಲಿಯೇ ಎಚ್ಚರ ಬೇಕು. ಸೊಪ್ಪು ತಿನ್ನುವ ಹುಳುಗಳ ಮಾತು ಬೇರೆ. 2017ರಲ್ಲಿ ಅಮೆರಿಕದ ಟೋಬಿನ್ ಹ್ಯಾಮರ್ ಮತ್ತು ಜೊತೆಗಾರರು 124 ಜಾತಿಯ ಎಲೆ ತಿನ್ನುವ ಹುಳುಗಳನ್ನು ಪರೀಕ್ಷಿಸಿ, ಅವುಗಳ ಹೊಟ್ಟೆಯಲ್ಲಿ ಬೇರೂರಿ ನೆಲೆಸಿದ ಸೂಕ್ಷ್ಮಾಣುಗಳ ಕುಟುಂಬವೇ ಇಲ್ಲವೆಂದು ಹೇಳಿದರು. ಇದ್ದವು ಬಹಳ ಕಡಿಮೆ. ಇದ್ದವೂ ಎಲೆಯ ಜೊತೆ ಬಂದು ಹೋಗುವ ದಾರಿಹೋಕರು. ತಂಬಾಕಿನ ಹುಳುವಿಗೆ ಔಷಧಿ ಕೊಟ್ಟು ಇರುವುದನ್ನೂ ಇಳಿಸಿದರೆ ಬೆಳವಣಿಗೆಗೆ ಏನೂ ತೊಂದರೆಯಾಗಲಿಲ್ಲ. ರೇಷ್ಮೆ ಹುಳುವನ್ನಂತೂ ಜಪಾನಿನವರು ಸೂಕ್ಷ್ಮಾಣುಗಳೇ ಇಲ್ಲದ ಕೋಣೆಯಲ್ಲಿ, ಸೂಕ್ಷ್ಮಾಣುಗಳಿಲ್ಲದ ಕೃತಕ ಆಹಾರದ ಮೇಲೆ ಸಾಕಿ ಗೂಡು ಕಟ್ಟಿಸಿದ್ದಾರೆ. ಗೆದ್ದಲಿನಂತೆ ಅದು ಸಾಯಲಿಲ್ಲ. ಹುಳುವಿಗೆ ಲ್ಯಾಕ್ಟೋಬ್ಯಾಸಿಲಸ್ ಮುಂತಾದವನ್ನು ತಿನ್ನಿಸಿ ಗೂಡಿನ ತೂಕ ಹೆಚ್ಚಿತೆಂಬ ವರದಿಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರಯೋಗಶಾಲೆಯ ನಾಲ್ಕು ತಟ್ಟೆಯ ಲೆಕ್ಕವೇ ಬೇರೆ, ಬೇಸಗೆಯಲ್ಲಿ ಶೀಟಿನ ಮನೆಯಲ್ಲಿ ಸಾಕಿದ ನಲವತ್ತು ಐವತ್ತು ಸಾವಿರ ಹುಳುವಿನ ಲೆಕ್ಕವೇ ಬೇರೆ. ನಮ್ಮ ಹವೆಯಲ್ಲಿ, ನಮ್ಮ ತಳಿಯ ಮೇಲೆ, ರೈತರ ಮನೆಗಳಲ್ಲಿ ಕೆಲವು ಬೆಳೆಗಳ ಕಾಲ ನಡೆಸಿದ ಪರೀಕ್ಷೆಯ ಅಂಕಿಗಳನ್ನು ತೋರಿಸುವ ತನಕ ಅಂಥ ಬಾಟಲಿಗೆ ಹಣ ಹಾಕುವುದು ಬೇಡವೆಂಬುದೇ ನಮ್ಮ ಅಭಿಪ್ರಾಯ.

ಆಂಟಿಬಯೋಟಿಕ್ ವಿಷಯದಲ್ಲಿ ನಮ್ಮ ಮಾತು ಇನ್ನೂ ಖಡಾಖಂಡಿತ. ಕ್ಲೋರಾಂಫೆನಿಕಾಲ್ ಮುಂತಾದ ಔಷಧಿಗಳನ್ನು ಸೊಪ್ಪಿಗೆ ಹಚ್ಚಿ ತಿನ್ನಿಸಿದಾಗ ಸಾವು ಕಡಿಮೆಯಾದ, ಗೂಡಿನ ತೂಕ ಏರಿದ ವರದಿಗಳು ಸಂಶೋಧನಾ ಪತ್ರಿಕೆಗಳಲ್ಲಿ ಉಂಟು. ದಾರಿಹೋಕರನ್ನು ಓಡಿಸಿದರೆ ಹುಳುವಿಗೆ ಹಗುರವಾಗುವುದು ಆಶ್ಚರ್ಯವಲ್ಲ. ಆದರೆ ವೈರಸ್ಸಿನಿಂದ ಬಂದ ಸಪ್ಪೆಗೆ ಇದು ನಾಟುವುದಿಲ್ಲ. ಹಾಲುತೊಂಡೆಗೆ ನಾಟುವುದಿಲ್ಲ, ಅದೂ ವೈರಸ್ಸಿನದೇ. ಸುಣ್ಣಕಟ್ಟು ಶಿಲೀಂಧ್ರದ್ದು, ಅದಕ್ಕೂ ನಾಟುವುದಿಲ್ಲ. ಎಷ್ಟು ನೀರಿಗೆ ಎಷ್ಟು ಮಾತ್ರೆ ಎಂಬುದನ್ನು ಅಂಗಡಿಯವನು ಅಂದಾಜಿನಲ್ಲಿ ಹೇಳುತ್ತಾನೆ, ರೈತ ಅಂದಾಜಿನಲ್ಲಿ ಬೆರೆಸುತ್ತಾನೆ. ಅರ್ಧಮರ್ಧ ಮದ್ದಿಗೆ ಸಾಯದೆ ಉಳಿದ ಸೂಕ್ಷ್ಮಾಣುಗಳು ಮುಂದೆ ಆ ಮದ್ದಿಗೆ ಬಗ್ಗದವಾಗುತ್ತವೆ. ಉಳಿದ ಸೊಪ್ಪು ಕಡ್ಡಿ ಎಲ್ಲಿಗೆ ಹೋಗುತ್ತದೆ? ಹಸುವಿನ ಮುಂದಕ್ಕೆ. ಹಿಕ್ಕೆ ಎಲ್ಲಿಗೆ? ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ. ಮನುಷ್ಯರ ಟೈಫಾಯಿಡ್ ಜ್ವರಕ್ಕೆ ವೈದ್ಯರು ಕೊಡುತ್ತಿದ್ದ ಔಷಧಿಯನ್ನು ಹೀಗೆ ಹಟ್ಟಿ ತಿಪ್ಪೆಗಳಲ್ಲಿ ಚೆಲ್ಲಾಡಿದರೆ ನಾಳೆ ಅದೇ ಮನೆಯ ಮಗುವಿಗೆ ಔಷಧಿ ನಾಟದೆ ಹೋದೀತು. ಇದು ರೇಷ್ಮೆ ಬೆಳೆಯನ್ನು ಮೀರಿದ ಪ್ರಶ್ನೆ.

ಹೊಟ್ಟೆಯ ವಿಚಾರದಲ್ಲಿಯೇ ಬರುವ ಇನ್ನೊಂದು ಅಪಾಯವನ್ನು ಇಲ್ಲಿ ಹೇಳಬೇಕು. 1901ರಲ್ಲಿ ಜಪಾನಿನ ಇಷಿವಾತ ಎಂಬ ವಿಜ್ಞಾನಿ, ಇದ್ದಕ್ಕಿದ್ದಂತೆ ಕುಸಿದು ಸಾಯುವ ರೇಷ್ಮೆ ಹುಳುಗಳಲ್ಲಿ ಒಂದು ಸೂಕ್ಷ್ಮಾಣುವನ್ನು ಕಂಡ. ಅದನ್ನೇ 1911ರಲ್ಲಿ ಜರ್ಮನಿಯ ಬರ್ಲಿನರ್ ಎಂಬಾತ ಹಿಟ್ಟಿನ ಪತಂಗದಲ್ಲಿ ಕಂಡು, ತುರಿಂಗಿಯಾ ಎಂಬ ಆ ಪ್ರಾಂತ್ಯದ ಹೆಸರಿಟ್ಟ. ಅದೇ ಇಂದಿನ ಬಿಟಿ; ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯ ಗುಣ ಇದರದ್ದೇ. ಇದರ ವಿಷದ ಹರಳು ನಮ್ಮ ಆಮ್ಲದ ಹೊಟ್ಟೆಯಲ್ಲಿ ಕೆಲಸ ಮಾಡದು. ಹುಳುವಿನ ಕ್ಷಾರದ ಕರುಳಿನಲ್ಲಿಯೇ ಕರಗಿ, ಗೋಡೆಗೆ ತೂತು ಕೊರೆಯುತ್ತದೆ. ಆಮೇಲೆ ಸಾವಿಗೆ ಹೊಟ್ಟೆಯ ಇತರ ಸೂಕ್ಷ್ಮಾಣುಗಳು ಎಷ್ಟು ಕಾರಣ ಎಂಬುದರ ಮೇಲೆ ವಿಜ್ಞಾನಿಗಳಲ್ಲಿ ಜಗಳವಿದೆ. ಜಿಪ್ಸಿ ಪತಂಗದ ಹುಳುವಿನಲ್ಲಿ ಅವಿಲ್ಲದೆ ಬಿಟಿ ಕೊಲ್ಲಲಾರದೆಂದು 2006ರಲ್ಲಿ ವಿಸ್ಕಾನ್ಸಿನ್ನಿನವರು ಹೇಳಿದರು. ಬೇರೆ ಹುಳುಗಳಲ್ಲಿ ಹಾಗಿಲ್ಲವೆಂದು ಬೇರೆಯವರು ಎದುರಾಡಿದರು. ಆ ಜಗಳ ಏನೇ ಇರಲಿ. ಕೋಸಿನ ಹುಳುವಿಗೆ ಹೊಡೆಯುವ ಬಿಟಿ ಪುಡಿ ಸಾವಯವ, ನಿರಪಾಯಕಾರಿ ಎಂದು ಚೀಟಿಯ ಮೇಲೆ ಬರೆದಿರುವುದನ್ನು ನಂಬಿ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಗಾಳಿಗೆ ಹೊಡೆದರೆ, ಅದು ಕೋಸಿನ ಹುಳು ಯಾವುದು ರೇಷ್ಮೆ ಹುಳು ಯಾವುದು ಎಂದು ಕೇಳುವುದಿಲ್ಲ. ರೇಷ್ಮೆಗೆ ಕುತ್ತು ಬರುತ್ತದೆಂಬ ಭಯದಿಂದ ಜಪಾನಿನವರು ಇದಕ್ಕೆ ಒಪ್ಪಿಗೆ ಕೊಡಲು ಬಹುಕಾಲ ಹಿಂದೇಟು ಹಾಕಿದ್ದರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮ್ಯಾಟೊ, ಕೋಸು, ದ್ರಾಕ್ಷಿಯ ಪಕ್ಕದಲ್ಲಿಯೇ ಹಿಪ್ಪುನೇರಳೆ ಇರುವುದರಿಂದ, ಯಾವ ದಿನ ಯಾವ ಮದ್ದು ಹೊಡೆಯುತ್ತೇವೆಂದು ನೆರೆಯವರು ಪರಸ್ಪರ ಹೇಳಿಕೊಳ್ಳುವ ವಾಡಿಕೆ ಬೆಳೆಯಬೇಕು. ಇದಕ್ಕೆ ಕಾಯಿದೆ ಬೇಕಿಲ್ಲ, ಬೀದಿಯಲ್ಲಿ ಎರಡು ಮಾತು ಸಾಕು.

ಬಾಟಲಿ ಬೇಡವೆಂದರೆ ಬೇಕಾದದ್ದು ಏನು? ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹುಳುವಿಗೂ ಸಲ್ಲುತ್ತದೆ. ಆದರೆ ಹುಳುವಿನ ಊಟವನ್ನು ಬಲ್ಲವನು ರೈತನೇ ಆಗಬೇಕು. ಸೊಪ್ಪನ್ನು ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಕೊಯ್ದು, ಬಿಗಿಯಾಗಿ ಅದುಮಿ ಕಟ್ಟದೆ ತಂದು, ನೆರಳಿನಲ್ಲಿ ಹರಡಿ ಒದ್ದೆ ಗೋಣಿ ಹೊದಿಸಿಟ್ಟು ಆಗಾಗ ತಿರುವಬೇಕು. ರಾಶಿಯೊಳಕ್ಕೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಅಲ್ಲಿ ಹುಳಿಯುವಿಕೆ ಶುರುವಾಗಿದೆಯೆಂದೇ ಅರ್ಥ. ಅದೇ ಹುಳಿ ನಾಳೆ ಹುಳುವಿನ ಹೊಟ್ಟೆಯಲ್ಲಿ ಮುಂದುವರಿಯುತ್ತದೆ. ಮಳೆಯಲ್ಲಿ ನೆನೆದ ಸೊಪ್ಪನ್ನು ನೀರು ಇಳಿಯದೆ ಹಾಕಬಾರದು. ರಸ್ತೆಯ ಧೂಳು ಕೂತ ಸೊಪ್ಪು, ಹಳದಿ ಸೊಪ್ಪು ಬೇಡ. ಚಾಕಿ ಹುಳುವಿಗೆ ಎಳೆ ಸೊಪ್ಪು, ದೊಡ್ಡ ಹುಳುವಿಗೆ ಬಲಿತ ಸೊಪ್ಪು ಎಂಬುದನ್ನು ಎಲ್ಲರೂ ಬಲ್ಲರು. ಸೊಪ್ಪು ಕಡಿಮೆ ಬಿದ್ದಾಗ ಮಾತ್ರ ಮರೆಯುತ್ತಾರೆ.

ದೊಡ್ಡ ಹುಳುವಿಗೆ 24-25 ಡಿಗ್ರಿ ಶಾಖ, ನೂರಕ್ಕೆ 70-75 ತೇವ ಹಿತ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಯಲ್ಲಿ ಇದು ಕನಸು. ಆದರೂ ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಗಾಳಿಗೆ ದಾರಿ ಬಿಟ್ಟರೆ ಸಾಕಷ್ಟು ಇಳಿಯುತ್ತದೆ. ತಟ್ಟೆಯಲ್ಲಿ ಹುಳು ಕಿಕ್ಕಿರಿದಷ್ಟೂ ಗೀರುಗಳು ಹೆಚ್ಚು, ಹಾಸಿಗೆಯ ತೇವ ಹೆಚ್ಚು. ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಹರಡಿ ಹಾಸಿಗೆ ಒಣಗಿಸುವುದನ್ನು ಬಿಡಬಾರದು. ಜ್ವರ ಎದ್ದ ಹುಳುವಿನ ಕರುಳು ಬರಿದಾಗಿರುತ್ತದೆ, ಒಳಗೆ ಹೊಸ ಪೊರೆ; ಆಗ ಹಾಕುವ ಮೊದಲ ಸೊಪ್ಪು ಬೆಳೆಯ ಎಲ್ಲ ಸೊಪ್ಪಿಗಿಂತ ಶುಚಿಯಾಗಿರಬೇಕು. ಬೆಳೆ ಬೆಳೆಯ ನಡುವೆ ಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು, ನೂರು ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ ಬೆರೆಸಿದ ದ್ರಾವಣ ಹೊಡೆಯುವುದು ಹಳೆಯ ಸಲಹೆಯೇ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ವಿಜೇತ, ಅಂಕುಶ್ ಮುಂತಾದ ಹಾಸಿಗೆ ಪುಡಿಗಳು ಹುಳುವಿನ ಮೈ ಮೇಲೆ, ಹಾಸಿಗೆಯಲ್ಲಿ ಕೆಲಸ ಮಾಡುವಂಥವು. ಅವನ್ನು ಹೊಟ್ಟೆಯ ಔಷಧಿಯೆಂದು ತಿಳಿದು ಸೊಪ್ಪಿಗೆ ಬೆರೆಸಬಾರದು. ಸತ್ತ ಹುಳುವನ್ನು ಕೋಳಿಗೆ ಎಸೆಯುವುದೂ ತಿಪ್ಪೆಗೆ ಹಾಕುವುದೂ ಒಂದೇ ತಪ್ಪಿನ ಎರಡು ಮುಖ. ಸುಡಬೇಕು, ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಇನ್ನು ಇಲಾಖೆಗೆ ಒಂದು ಮಾತು. ಮೊಟ್ಟೆ ಕೋಠಿಯಲ್ಲಿ ಗಂಟು ರೋಗಕ್ಕೆ ಸೂಕ್ಷ್ಮದರ್ಶಕವಿದೆ. ಸಪ್ಪೆಗೆ ರೈತನ ಬಳಿ ಇರುವುದು ಬರಿಯ ಮೂಗು. ಹಳ್ಳಿಗೆ ಹತ್ತಿರವಿರುವ ತಾಂತ್ರಿಕ ಸೇವಾ ಕೇಂದ್ರಕ್ಕೆ ರೈತ ಸತ್ತ ಹತ್ತು ಹುಳು ತಂದುಕೊಟ್ಟರೆ, ಅದು ವೈರಸ್ಸಿನದೋ, ಬರಿಯ ಸೂಕ್ಷ್ಮಾಣುವಿನದೋ, ಮದ್ದಿನ ಗಾಳಿಯಿಂದ ಬಂದದ್ದೋ ಎಂದು ಎರಡು ದಿನದೊಳಗೆ ಹೇಳುವ ವ್ಯವಸ್ಥೆಯಾಗಬೇಕು. ಗೊತ್ತಾದರೆ ಮುಂದಿನ ಬೆಳೆಗೆ ಎಲ್ಲಿ ಕೈ ಹಾಕಬೇಕೆಂಬುದು ತಿಳಿಯುತ್ತದೆ. ಗೊತ್ತಾಗದಿದ್ದರೆ ಅಂಗಡಿಯವನು ಹೇಳಿದ್ದೇ ವೇದ. ಹುಳುವಿನ ಹೊಟ್ಟೆಯ ಹೆಸರಿನಲ್ಲಿ ಮಾರುವ ಪ್ರತಿಯೊಂದು ಬಾಟಲಿಯ ಮೇಲೆ ಒಳಗೆ ಏನಿದೆ, ಎಷ್ಟಿದೆ, ಯಾರು ಪರೀಕ್ಷಿಸಿದ್ದಾರೆ ಎಂಬುದನ್ನು ಕನ್ನಡದಲ್ಲಿ ಬರೆಯುವಂತೆ ಮಾಡುವುದೂ ಅವರ ಕೆಲಸವೇ. ಮುಂಗಾರು ಹಿಡಿದು ಸೊಪ್ಪು ಒದ್ದೆಯಾಗುವ ಕಾಲಕ್ಕೆ ಮೊದಲೇ ಪ್ರತಿ ತಾಲ್ಲೂಕಿನ ಒಂದು ಕೇಂದ್ರದಲ್ಲಾದರೂ ಇದು ಆರಂಭವಾಗಲಿ. ಶಿಡ್ಲಘಟ್ಟ, ರಾಮನಗರದ ಗೂಡಿನ ಮಾರುಕಟ್ಟೆಗಳಿಗೆ ರೈತರು ಹೇಗೂ ಬರುತ್ತಾರೆ; ಅಲ್ಲಿಯೇ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬರು ಇದ್ದರೂ ಆಗುತ್ತದೆ.